ಕಲ್ಯಾಣಮ್ಮನ ಸಾಬೂನಿನ ಲೆಕ್ಕ

ಮಸ್ಕಿಯ ಎಣ್ಣೆ ವ್ಯಾಪಾರಿ ಬಸವಂತರಾಯರ ಮನೆಗೆ ಕಲ್ಯಾಣಮ್ಮ ಸೊಸೆಯಾಗಿ ಬಂದದ್ದು ೧೯೮೭ರಲ್ಲಿ. ಲಿಂಗಸುಗೂರಿನಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ್ದಳು. ಸಿಂಧನೂರಿಗೆ ಹೋಗಿ ಬಿ.ಎಸ್ಸಿ. ಓದಬೇಕೆಂಬ ಹಟ ಮದುವೆಯಾದರೂ ಬಿಟ್ಟಿರಲಿಲ್ಲ. ಗಂಡ ಅಪ್ಪನಿಗೆ ಎದುರಾಡುವ ಪೈಕಿಯವನಲ್ಲ. ಮಾವನವರೋ ಪಕ್ಕಾ ವ್ಯಾಪಾರಿ, ಮಾಲು ನೋಡದೆ ಮಾತು ಕೊಟ್ಟವರಲ್ಲ.

“ನೀ ಕಲ್ತ ವಿದ್ಯಾದಿಂದ ಬಟ್ಟಿ ಒಗಿಯೋ ಸಾಬೂನು ಮಾಡಿ ತೋರ್ಸವ್ವ. ಆಮ್ಯಾಲ ಕಾಲೇಜಿನ ಮಾತು,” ಎಂದರು.

ಕಲ್ಯಾಣಮ್ಮ ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕ ತೆಗೆದಳು. ಸಾಬೂನಿನ ಸರಿದೂಗಿಸಿದ ಸಮೀಕರಣ ಅಲ್ಲೇ ಇತ್ತು: ಎಣ್ಣೆ ಒಂದು, ಕಾಸ್ಟಿಕ್ ಸೋಡಾ ಮೂರು. ಅದು ಅಂಗಡಿಕಾರರ ಮನೆ. ಉಪ್ಪಿನಿಂದ ಹಿಂಡಿಯವರೆಗೆ ಎಲ್ಲವೂ ತಕ್ಕಡಿ ಹತ್ತಿಯೇ ಒಳಗೆ ಬರುವುದು. ಆ ರೂಢಿ ಸೊಸೆಗೂ ಅಂಟಿತ್ತು. ಕಾಲು ಕಿಲೋ ಬೇವಿನ ಎಣ್ಣೆ ತೂಗಿದಳು, ಮುಕ್ಕಾಲು ಕಿಲೋ ಸೋಡಾ ತೂಗಿದಳು. ಸೋಡಾವನ್ನು ನೀರಿನಲ್ಲಿ ಕರಗಿಸಿ, ಎಣ್ಣೆಗೆ ಬೆರೆಸಿ ಅಚ್ಚಿಗೆ ಹೊಯ್ದಳು. ಬಿಲ್ಲೆಗಳು ನೋಡಲು ಲಕ್ಷಣವಾಗಿಯೇ ಇದ್ದವು.

ಮೊದಲ ಬಿಲ್ಲೆಯನ್ನು ಅತ್ತೆ ಕಸ್ತೂರೆಮ್ಮ ಸಂಭ್ರಮದಿಂದ ಒಯ್ದು ಗಂಡನ ಧೋತರ ಒಗೆಯಲು ಕೂತರು. ಧೋತರ ಅರ್ಧ ಮುಗಿಯುವಷ್ಟರಲ್ಲಿ ಕೈ ಉರಿಯತೊಡಗಿತು. ಸಂಜೆಗೆ ಬೊಬ್ಬೆಗಳು ಎದ್ದವು.

“ಸಾಕಿನ್ನ. ಕಾಲೇಜೂ ಬ್ಯಾಡ, ಗೀಲೇಜೂ ಬ್ಯಾಡ,” ಎಂದು ಬಸವಂತರಾಯರು ಎದ್ದುಹೋದರು.

ಕಲ್ಯಾಣಮ್ಮನಿಗೆ ತುಂಬ ನಾಚಿಕೆಯಾಯಿತು. ಪುಸ್ತಕ ತಪ್ಪಿರಲಾರದು, ತಾನೇ ಎಲ್ಲೋ ಎಡವಿರಬೇಕು ಎಂದು ಮತ್ತೆ ಅದೇ ಪುಟ ಹಿಡಿದು ಕೂತಳು. ಒಂದಕ್ಕೆ ಮೂರು ಎಂಬುದು ತೂಕದ ಮಾತೇ ಅಲ್ಲ, ಎಣಿಕೆಯ ಮಾತು ಎಂಬುದು ಆಗ ಹೊಳೆಯಿತು. ಒಂದು ಬಂಡಿಗೆ ಎರಡು ಎತ್ತು ಎಂದರೆ ಎತ್ತನ್ನು ಯಾರೂ ತೂಗುವುದಿಲ್ಲವಲ್ಲ! ಎಣ್ಣೆಯ ಒಂದು ಅಣು ಬಲು ಭಾರ, ಸೋಡಾದ್ದು ಹಗುರ. ಅದರ ಮೂರು ಸೇರಿದರೂ ತೂಕದಲ್ಲಿ ಎಣ್ಣೆಯ ಏಳನೇ ಒಂದು ಪಾಲೂ ಆಗುವುದಿಲ್ಲ. ಪರೀಕ್ಷೆಯಲ್ಲಿ ಇದೇ ಲೆಕ್ಕ ಬಿಡಿಸಿ ಪೂರ್ತಿ ಅಂಕ ಪಡೆದಿದ್ದಳು, ಪುಣ್ಯಾತ್ಗಿತ್ತಿ.

ಅದೇ ಲೆಕ್ಕ ಹಿಡಿದು ಮತ್ತೆ ಸಾಬೂನು ಮಾಡಿ, ಕೆಲವು ವಾರ ಒಣಗಲು ಬಿಟ್ಟಳು. ಆಮೇಲೆ ಎಲ್ಲರೆದುರು ತನ್ನ ಕೈಯಿಂದಲೇ ಒಂದು ರಾಶಿ ಬಟ್ಟೆ ಒಗೆದಳು. ಕೈಗೆ ಏನೂ ಆಗಲಿಲ್ಲ. ಮಾವನವರು ನೋಡಿದರು, ಆದರೆ ಸಡಿಲಾಗಲಿಲ್ಲ.

“ಈಗ ಬಂತಲ್ಲ ಸಾಬೂನು. ಇನ್ನ ಕಾಲೇಜ್ಯಾಕ?”

ಕಸ್ತೂರೆಮ್ಮ ಇನ್ನೂ ಸಿಪ್ಪೆ ಏಳುತ್ತಿದ್ದ ಅಂಗೈಗಳನ್ನು ಗಂಡನ ಮುಂದೆ ಚಾಚಿದರು.

“ಸುಟ್ಟಿದ್ದು ನನ್ನ ಕೈರೀ, ನಿಮ್ಮವಲ್ಲ. ಇಕಿನ್ನ ಇಷ್ಟಕ್ಕ ನಿಲ್ಲಿಸಿದ್ರ ನಾಳಿಗೆ ಮತ್ತ್ಯಾರ ಕೈ ಸುಡ್ತಾಳೋ! ಪೂರಾ ಕಲ್ತು ಬರ್ಲಿ, ಕಳಸ್ರಿ.”

ಆ ಜೂನ್‌ನಲ್ಲಿ ಕಲ್ಯಾಣಮ್ಮ ಸಿಂಧನೂರಿನ ಬಸ್ ಹತ್ತಿದಳು.