ವೈನಿಗೆ ಹೇಳಿದ ದೆವ್ವದ ಸಿನಿಮಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶ್ರಾವಣದ ಮುಂಚೆ ನಮ್ಮ ವೈನಿಗೆ ಸಿಗುವ ಒಂದೇ ಒಂದು ಸಿನಿಮಾವನ್ನು ಹಾಳು ಮಾಡಿದವನು ನಾನು. ಟಾಕೀಜಿನವರ ತಪ್ಪಿಲ್ಲ. ಅರೆಬರೆ ನೋಡಿದ್ದನ್ನು ಪೂರ್ತಿ ನೋಡಿದ್ದೇನೆ ಎಂದು ನಂಬಿ, ನಮ್ಮೂರು ಬೈಲಹೊಂಗಲದ ತುಂಬ ಹೊಗಳಿಕೊಂಡು ತಿರುಗಿದ ನನ್ನ ಬಾಯಿಯದೇ ತಪ್ಪು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ರಾಮದುರ್ಗದವರು. ಓಣಿಯ ಬೇರೆ ಹೆಂಗಸರು ಅಳುವ ಸಿನಿಮಾ ನೋಡಿ ಸೆರಗು ಒದ್ದೆ ಮಾಡಿಕೊಂಡು ಬಂದರೆ ಇವರಿಗೆ ದೆವ್ವವೇ ಬೇಕು. ಹೆದರುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಹಾಡು ಹೇಳುವ ದೆವ್ವಕ್ಕೆ ಲಗ್ನದ ಆಸೆ ಇನ್ನೂ ಹೋಗಿಲ್ಲ, ಅದನ್ನು ನಂಬಬಾರದು ಎನ್ನುವುದು ಅವರ ತೀರ್ಪು. ಗೆಜ್ಜೆ ಕಟ್ಟಿದ ದೆವ್ವವನ್ನೂ ಅವರು ಪಾಸು ಮಾಡುತ್ತಿರಲಿಲ್ಲ. ಆದರೆ ನಮ್ಮ ಮನೆಯ ಪದ್ಧತಿಯಲ್ಲಿ ಹೆಂಗಸರಿಗೆ ವರ್ಷಕ್ಕೆ ಎರಡೇ ಸಿನಿಮಾ. ದೀಪಾವಳಿ ಮುಗಿದ ಮೇಲೊಂದು, ಶ್ರಾವಣ ಹಿಡಿಯುವ ಮುಂಚೆ ಒಂದು. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಕೇಳಬೇಕು, ಆಮೇಲೆ ಸಾಲಾಗಿ ಹಬ್ಬ. ಅವ್ವ ಜೊತೆಗೆ ಬರಲೇಬೇಕು. ಹೀಗಾಗಿ ಯಾವ ಸಿನಿಮಾ ಎನ್ನುವುದು ಸಣ್ಣ ಮಾತಾಗಿರಲಿಲ್ಲ. ಅದನ್ನು ಆರಿಸಿ ಹೇಳುವ ಹೊಣೆ ನನ್ನದು.

ನಮ್ಮದು ಅರಿವೆ ಅಂಗಡಿ. ಗಂಟು ಕಟ್ಟಿಕೊಂಡು ಕಿತ್ತೂರು, ಸವದತ್ತಿ, ಯರಗಟ್ಟಿ ಎಂದು ಸಂತೆ ತಿರುಗುವವನು ನಾನು. ಸಂತೆ ಮುಗಿಸಿ ಸಿನಿಮಾ ಟೆಂಟಿನಲ್ಲಿ ಸಂಜೆಯ ಆಟ ನೋಡಿದರೇನೇ ನನಗೆ ಬಸ್ಸು ಕಾಣುತ್ತಿದ್ದುದು. ದೊಡ್ಡ ಟಾಕೀಜಿನವರು ಬೇಡವೆಂದು ಬಿಟ್ಟ, ಯಾರೂ ಹೆಸರು ಕೇಳಿರದ ಚಿತ್ರಗಳೆಲ್ಲ ಆ ಟೆಂಟುಗಳಿಗೆ ಬರುತ್ತಿದ್ದವು. ಊರೆಲ್ಲ ನೋಡಿದ ದೆವ್ವದ ಬಗ್ಗೆ ಹೇಳುವುದರಲ್ಲಿ ಏನು ಹೆಚ್ಚುಗಾರಿಕೆ? ಕಿತ್ತೂರಿನಲ್ಲಿ ನೋಡಿದ ಒಂದರಲ್ಲಿ ದೆವ್ವವನ್ನು ತೋರಿಸುವುದೇ ಇಲ್ಲ. ಎರಡೂವರೆ ತಾಸು ಬರೀ ಮರದ ಹಾವುಗೆಯ ಸದ್ದು, ಒಂದು ತೂಗುವ ಕುರ್ಚಿ. ದೆವ್ವಕ್ಕೆ ಸಂಬಳ ಕೊಡುವ ಶಕ್ತಿ ಅವರಿಗಿರಲಿಲ್ಲವೇನೋ, ಆದರೆ ನಾನು ಅಷ್ಟು ಹೆದರಿದ್ದು ಇನ್ನೊಂದಕ್ಕಿಲ್ಲ. ಸವದತ್ತಿಯಲ್ಲಿ ಕಂಡ ಒಂದರಲ್ಲಿ ಬಾವಿಗೆ ಇಳಿಬಿಟ್ಟ ಖಾಲಿ ಕೊಡವನ್ನು ಕೆಳಗಿನಿಂದ ಯಾರೋ ತುಂಬಿ, ಹೂವು ಏರಿಸಿ ಕಳಿಸುತ್ತಾರೆ. ಅಷ್ಟೇ ಕತೆ. ದೆವ್ವದ ಹುಚ್ಚಿರುವವರು ಈ ಎರಡನ್ನು ಎಲ್ಲಿ ಸಿಕ್ಕರೂ ಬಿಡಬಾರದೆಂದು ಇವತ್ತಿಗೂ ಹೇಳುತ್ತೇನೆ.

ಬರೀ ಹೇಳಿ ಸುಮ್ಮನಾಗುವ ಗಿರಾಕಿಯೂ ನಾನಲ್ಲ. ಅಂಗಡಿಯಲ್ಲಿ ಬಿಳಿ ಬಟ್ಟೆಯ ಥಾನು ಬಿಚ್ಚಿ ತಲೆಯ ಮೇಲೆ ಹೊದ್ದು, ದೆವ್ವದ ನಗು, ಬಾಗಿಲ ಕಿರ್ರೆನ್ನುವ ಸದ್ದು, ಮಧ್ಯಂತರದ ಗಂಟೆ ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದೆ. ದನಿ ತೆಗೆಯುವುದರಲ್ಲಿ ಅಷ್ಟು ಪಳಗಿದ್ದೆ. ಒಮ್ಮೆ ಅವ್ವನ ದನಿಯಲ್ಲಿ ಅಣ್ಣನನ್ನು ಕರೆದೆ. ಅಣ್ಣ ಓಡಿ ಬಂದ, ಅವನ ಹಿಂದೆಯೇ ಲಟ್ಟಣಿಗೆ ಹಿಡಿದು ಅವ್ವನೂ ಬಂದಳು.

ಆ ವರ್ಷ ಯರಗಟ್ಟಿಯ ಟೆಂಟಿನಲ್ಲಿ ಹಾಳುಬಿದ್ದ ದೊಡ್ಡ ವಾಡೆಯೊಂದರ ಸಿನಿಮಾ ನೋಡಿದೆ. ಬಿಳಿ ಸೀರೆಯ ಹೆಂಗಸು ದೀಪ ಹಿಡಿದು ಗೋಡೆಯ ಮೇಲೆ ನಡೆಯುತ್ತಾಳೆ. ಮುಂಬಯಿಯಿಂದ ಬಂದ ವಾರಸುದಾರ ಹುಡುಗನಿಗೆ, ಊರು ಬಿಟ್ಟು ಹೋಗಪ್ಪ ಎಂದು ವಾಡೆಯ ದಿವಾನಜಿ ಕೈಮುಗಿಯುತ್ತಾನೆ. ಹುಡುಗ ಕೇಳುವುದಿಲ್ಲ. ಕೊನೆಗೆ ಅಟ್ಟದ ಬಾಗಿಲು ತೆರೆಯುತ್ತಾನೆ, ಅವಳು ನಿಧಾನವಾಗಿ ತಿರುಗುತ್ತಾಳೆ, ದೀಪ ಆರುತ್ತದೆ. ಕತ್ತಲು. ಆಮೇಲೆ ತೆರೆಯ ಮೇಲೆ ಸೊಟ್ಟಗೆ, ನಡುಗುವ ಕೈಯಲ್ಲಿ ಬರೆದಂತೆ ‘ಶುಭಂ’. ನನ್ನ ಬೆನ್ನಿನ ಮೇಲೆ ಇರುವೆ ಹರಿದಂತಾಯಿತು. ಏನು ಧೈರ್ಯ ಈ ನಿರ್ದೇಶಕನದು, ದೆವ್ವ ಏನೆಂದು ಹೇಳದೆಯೇ ಮುಗಿಸಿದ, ಶುಭಂ ಬರೆಯುವ ಕೈಯನ್ನೂ ಹೆದರಿಸಿಬಿಟ್ಟ ಎಂದು ಮನೆಗೆ ಬಂದು ಕುಣಿದಾಡಿದೆ. ಕೊನೆ ಹೇಳದ ದೆವ್ವ ಎಂದ ಕೂಡಲೇ ವೈನಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು.

ಶ್ರಾವಣ ಹಿಡಿಯುವ ಮುಂಚಿನ ನಾಗರ ಅಮಾವಾಸ್ಯೆಗೆ ನಾಲ್ಕು ದಿನವಿದ್ದಾಗ ಅದೇ ಸಿನಿಮಾ ನಮ್ಮೂರ ಟಾಕೀಜಿಗೆ ಬಂತು. ವೈನಿ ತಾವು ನೋಡಬೇಕೆಂದಿದ್ದ ಇನ್ನೊಂದು ಚಿತ್ರವನ್ನು ಕೈಬಿಟ್ಟು, ನನ್ನ ಮಾತಿನ ಮೇಲೆ ಇದಕ್ಕೇ ಹೊರಟರು. ಮಧ್ಯಾಹ್ನದ ಆಟ. ಹೆಂಗಸರ ಕಡೆ ಅವ್ವ, ವೈನಿ. ಗಂಡಸರ ಕಡೆ ಹೊಸ ಬೆಲ್ ಬಾಟಮ್ಮಿನಲ್ಲಿ ನಾನು. ಆ ಪ್ಯಾಂಟು ಓಣಿಯ ಕಸ ಗುಡಿಸುವುದರಲ್ಲಿ ಕಸಬರಿಗೆಯನ್ನೂ ಮೀರಿಸಿತ್ತು. ಅಟ್ಟದ ಬಾಗಿಲು ತೆರೆಯಿತು, ಅವಳು ತಿರುಗಿದಳು, ದೀಪ ಆರಿತು. ನಾನು ಜಂಬದಿಂದ ಎದ್ದು ನಿಂತು, ಮುಗಿಯಿತು ಏಳಿರಿ ಎಂದು ಅಕ್ಕಪಕ್ಕದವರಿಗೆ ಹೇಳಿದೆ. ಹಿಂದಿನವರು ನನ್ನ ಅಂಗಿ ಹಿಡಿದು ಕೂರಿಸಿದರು. ಏಕೆಂದರೆ ತೆರೆಯ ಮೇಲೆ ಬೆಳಕಾಗಿತ್ತು. ಹುಡುಗನ ಕೈಯಲ್ಲಿ ದೆವ್ವದ ಕೂದಲಿತ್ತು, ಕೂದಲ ಕೆಳಗೆ ದಿವಾನಜಿಯ ಬೋಳುತಲೆಯಿತ್ತು. ಬಿಳಿ ಸೀರೆಯಲ್ಲಿ, ಮೀಸೆಯ ಸಮೇತ. ಆಸ್ತಿಗಾಗಿ ಹೀಗೆ ಮಾಡಿದೆ ಎಂದು ಅವನು ಅತ್ತ, ಪೋಲೀಸರು ಬಂದರು, ಹುಡುಗ ಹುಡುಗಿ ಹೂದೋಟದಲ್ಲಿ ಹಾಡಿದರು. ಶುಭಂ ನೆಟ್ಟಗೆ, ಅಚ್ಚಿನ ಅಕ್ಷರದಲ್ಲಿ ಬಂತು.

ದಾರಿಯುದ್ದಕ್ಕೂ ಅವ್ವ ನಕ್ಕಳು. ವೈನಿ ನಗಲಿಲ್ಲ. ಮನೆಯ ಹೊಸ್ತಿಲಲ್ಲಿ ಮಾತ್ರ ಹೇಳಿದರು: “ದೆವ್ವ ನೋಡಾಕ ಅಂತ ಹೋಗಿ ದಿವಾನಜೀನ ನೋಡಕೊಂಡ ಬಂದ್ವಿ. ಇನ್ನ ದೀಪಾವಳಿತನಾ ಅವನ ಮೀಸಿ ನೆನಸ್ಕೋತ ಕುಂಡರತೇನಿ.”

ಆ ಮಾತು ಚುಚ್ಚಿತು. ಮರುದಿನ ಯರಗಟ್ಟಿ ಸಂತೆಯಲ್ಲಿ ಟೆಂಟಿನವನನ್ನು ಹಿಡಿದು ಕೇಳಿದೆ. ಅವನು ಚಹಾ ಕುಡಿಯುತ್ತ ಶಾಂತವಾಗಿ ಹೇಳಿದ. ಒಂದೇ ಪ್ರಿಂಟಿನಲ್ಲಿ ಎರಡು ಟೆಂಟು ನಡೆಯುತ್ತಿದ್ದವಂತೆ. ಮುರಗೋಡದಲ್ಲಿ ಮುಗಿದ ರೀಲು ಮೋಟರ್ ಸೈಕಲ್ಲಿನ ಮೇಲೆ ಇಲ್ಲಿಗೆ ಬರಬೇಕು. ಆ ಸಂಜೆ ದಾರಿಯಲ್ಲಿ ಚಕ್ರ ಪಂಕ್ಚರ್ ಆಗಿ ಕೊನೆಯ ರೀಲು ಬರಲೇ ಇಲ್ಲ. “ಮಂದಿ ಎದ್ದ ಮನೀಗಿ ಹೋಗಬೇಕಲ್ರಿ? ಅದಕ್ಕ ಒಂದ ಕಾಜಿನ ತುಂಡಿನ ಮ್ಯಾಲೆ ಶುಭಂ ಅಂತ ಬರದ ಇಟ್ಟೇನಿ, ರೀಲ ಬರದಿದ್ರ ಅದನ್ನ ಮಷೀನಿಗಿ ಹಚ್ಚಿ ತೆರಿ ಮ್ಯಾಲೆ ಬಿಡತೇನಿ. ನನ್ನ ಅಕ್ಷರಾ ಭಾಳ ಸೊಟ್ಟರಿ,” ಎಂದ.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಟೆಂಟಿನವನ ಚಹಾ ಹೀರುವಿಕೆ, ಪಂಕ್ಚರ್ ಗಾಲಿಯ ಉಸಿರು, ಸೊಟ್ಟ ಶುಭಂ ನೋಡಿ ಕಣ್ಣು ಬಿಟ್ಟ ನನ್ನದೇ ಮುಖ, ಒಂದನ್ನೂ ಬಿಡದೆ ಮಾಡಿ ತೋರಿಸಿದೆ. ಅವ್ವ ಕಣ್ಣೊರೆಸಿಕೊಂಡು, ದೆವ್ವವೇ ಇಲ್ಲದ್ದನ್ನು ದೆವ್ವದ ಸಿನಿಮಾ ಎಂದು ಲೆಕ್ಕಕ್ಕೆ ಹೇಗೆ ಹಿಡಿಯುವುದು, ಅಮಾವಾಸ್ಯೆಯ ಒಳಗೆ ಇನ್ನೊಂದಕ್ಕೆ ಹೋಗೋಣ ಎಂದಳು. ವೈನಿಯ ಮುಖ ಅರಳಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಹಾಗಾದರೆ ನನಗೆ ಗೊತ್ತಿರುವ ಇನ್ನೊಂದು ಇದೆ ವೈನಿ, ಯಾರೂ ನೋಡಿಲ್ಲ, ಎಂದು ಶುರುಮಾಡಿದೆ.

ವೈನಿ ತಾವು ಹಿಟ್ಟು ನಾದುತ್ತಿದ್ದ ಪರಾತವನ್ನು ನನ್ನ ಮುಂದಕ್ಕೆ ಸರಿಸಿದರು.

“ಈ ಸಲ ನಾ ಆರಸ್ತೇನಿ ತಮ್ಮಾ. ನೀ ಮನ್ಯಾಗ ಕುಂತ ರೊಟ್ಟಿ ಬಡದಿಡು, ಕಡೀ ರೀಲಿನ ಕತಿ ಬಂದ ಹೇಳತೇನಿ.”