ಸುಂದ್ರವ್ವನ ಓದು
ಮಲಾಡಿನಲ್ಲಿ ಮನೆಮನೆಯ ಪಾತ್ರೆ ತಿಕ್ಕುವ ಸುಂದ್ರವ್ವನಿಗೆ ಸ್ಟೇಷನ್ನಿನ ಇಂಗ್ಲಿಷ್ ಬೋರ್ಡು ಓದಲು ಬಾರದು, ಉಬ್ಬು ಚುಕ್ಕಿಗಳನ್ನು ಸವರಿ ಓದುವ ಇಂಗ್ಲಿಷ್ ಬ್ರೈಲ್ ಮಾತ್ರ ಬರುತ್ತದೆ. ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿರುವ, ಕಣ್ಣು ಕಾಣದ ಮಗಳು ಸಪ್ನಾಳ ಕಾಗದಗಳಿಗಾಗಿ ಕಲಿತದ್ದು. ಸಜ್ಜೆ ರೊಟ್ಟಿಯ ಮೇಲಿನ ಎಳ್ಳನ್ನೂ ಸವರುತ್ತ, "ತಡೀರಿ, ಓದಿ ಕೊಡ್ತೀನಿ" ಎಂದು ಹಸಿದ ಗಂಡನನ್ನು ಕಾಯಿಸುತ್ತಾಳೆ. ಕಾಗದದ ಚುಕ್ಕಿಗಳನ್ನು ಕಣ್ಣಿಂದಲೇ ನೋಡಿ ಓದಬಾರದೇ ಎಂದು ಅವನು ಕೇಳಿದರೆ, "ಆಕಿ ಹೆಂಗ ಓದ್ತಾಳೋ ನಾನೂ ಹಂಗ" ಎನ್ನುತ್ತಾಳೆ. ಆದರೆ ಸೋಪಿನ ಪುಡಿಯಿಂದ ಒರಟಾದ ಬೆರಳಿಗೆ ಕಾಗದದ ಸಣ್ಣ ಚುಕ್ಕಿ ತಿಳಿಯುವುದಿಲ್ಲ. ಹಾಗಾಗಿ ಕೆಲಸಕ್ಕೆ ಹೋಗುವ ಲೋಕಲ್ ರೈಲಿನ ಕಿಟಕಿ ಪಕ್ಕ ಕೂತು, ಕಣ್ಣು ಮುಚ್ಚಿ, ಮಗಳ ಕಾಗದವನ್ನು ತುಟಿಗೆ ತಾಗಿಸಿ ಸಾಲು ಸಾಲಾಗಿ ಮೆಲ್ಲಗೆ ಎಳೆಯುತ್ತಾಳೆ. ಇಳಿಯಬೇಕಾದ ಮಲಾಡ್ ದಾಟಿದರೂ ಅರಿವಿರುವುದಿಲ್ಲ. ಎದುರಿನವರು ಮುತ್ತು ಕೊಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅಲ್ಲವೆಂದು ಅವಳು ಹೇಳುವುದಿಲ್ಲ.