ಬೆಳ್ಳಗಿಲ್ಲದ ಅಮೆರಿಕದ ಸೊಸೆ

ನನ್ನನ್ನು ನೋಡಲೆಂದೇ ಕೊಕ್ಕನೂರಿನಿಂದ ಬಂದಿದ್ದ ನನ್ನ ಗಂಡನ ದೊಡ್ಡಮ್ಮ, ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೆ ಚೀಲ ಕೊಟ್ಟು, ಕುಡಿಯಲು ನೀರು ತರುವಂತೆ ಹೇಳಿ, ಅಮೆರಿಕದ ಸೊಸೆಯನ್ನು ಹುಡುಕಿಕೊಂಡು ಒಳಗೆ ಹೋದರು. ಆಗ ನನಗೆ ಕನ್ನಡದ ಒಂದು ಮಾತೂ ತಿಳಿಯುತ್ತಿರಲಿಲ್ಲ. ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಒಳಗೆ ಹೆಂಗಸರು ನಕ್ಕರು. ದೊಡ್ಡಮ್ಮನನ್ನು ಮತ್ತೆ ಕರೆತಂದು ನನ್ನೆದುರು ನಿಲ್ಲಿಸಿದರು. ಅವರು ನನ್ನನ್ನು ತಲೆಯಿಂದ ಪಾದದವರೆಗೆ ನೋಡಿ, "ಅಮೆರಿಕದಾಕೆ ಅಂದ್ರಲ್ಲ, ಈಕೆ ನಮ್ಮಂಗೇ ಅದಾಳಲ್ಲ" ಎಂದರು.

ಹಾಗೆಂದರೇನು ಎಂದು ನನ್ನ ಗಂಡ ವೀರೇಶನನ್ನು ಕೇಳಿದೆ. "ನಿನ್ನನ್ನು ನಮ್ಮವಳು ಅಂದರು" ಎಂದ. ಆ ಮಾತಿನಲ್ಲಿದ್ದದ್ದು ನಿರಾಸೆ ಎಂದು ತಿಳಿಯುವಷ್ಟು ಕನ್ನಡ ಬರಲು ನನಗೆ ಒಂದು ವರ್ಷ ಬೇಕಾಯಿತು.

ಅದು ನಡೆದದ್ದು ಹರಿಹರ ತಾಲೂಕಿನ ಭಾನುವಳ್ಳಿಯಲ್ಲಿ, ವೀರೇಶನ ತಂದೆತಾಯಿಯ ಮನೆಯಲ್ಲಿ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಹುಟ್ಟಿ ಬೆಳೆದದ್ದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ, ಮೆಕ್ಸಿಕೋ ಮೂಲದ ಮನೆತನದಲ್ಲಿ. ನನ್ನ ಅಜ್ಜ ಅಮೆರಿಕದ ಸೈನ್ಯದಲ್ಲಿ ಯುದ್ಧ ಮಾಡಿ ಬಂದವರು. ಆದರೂ ಪೇಟೆಯಲ್ಲಿ ಯಾರಾದರೂ ಒಬ್ಬರು ನಮ್ಮನ್ನು ನಿಮ್ಮ ದೇಶಕ್ಕೆ ಹೋಗಿ ಎನ್ನುತ್ತಿದ್ದರು. ರಜೆಯಲ್ಲಿ ಗಡಿಯಾಚೆಯ ನೆಂಟರ ಮನೆಗೆ ಹೋದರೆ ಅಲ್ಲಿ ನನ್ನ ಸ್ಪ್ಯಾನಿಷ್ ಕೇಳಿ 'ಪೋಚಾ' ಎನ್ನುತ್ತಿದ್ದರು. ಹದಗೆಟ್ಟ ಹಣ್ಣಿಗೆ ಹೇಳುವ ಮಾತು ಅದು. ಮೆಕ್ಸಿಕೋದ ಬಣ್ಣ ಬಿಟ್ಟವಳು ಎಂದು ಅರ್ಥ. ಹೀಗೆ ಎರಡು ಕಡೆಯೂ ಅರ್ಧ ಅನ್ನಿಸಿಕೊಂಡವಳು ಇಲ್ಲಿಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಪೂರ್ತಿ ಅಮೆರಿಕದವಳಾದೆ. ಆದರೆ ನನ್ನ ಮೈಬಣ್ಣ ಆ ಮಾತಿಗೆ ಸಾಕ್ಷಿ ಹೇಳುತ್ತಿರಲಿಲ್ಲ.

ಹೆಸರಿನ ಕಥೆಯೂ ಹೀಗೆಯೇ. ನಾನು ಎಲೆನಾ. ಶಾಲೆಯ ಮೊದಲ ದಿನವೇ ಟೀಚರು ನನ್ನನ್ನು ಹೆಲೆನ್ ಮಾಡಿದ್ದರು. ಅಲ್ಲಿ ಹೆಸರು ಬದಲಿಸಿದ್ದು ಹುಡುಗಿ ಅಮೆರಿಕದವಳಂತೆ ಕೇಳಿಸಲಿ ಎಂದು. ಇಲ್ಲಿ ಅತ್ತೆ ಗೌರಮ್ಮ ನಾಲ್ಕು ದಿನ ಎಲೆನಾ ಎನ್ನಲು ಪ್ರಯತ್ನಿಸಿ, ಕೊನೆಗೆ ಲೀಲಾ ಎಂದು ಕರೆದರು. ಅವರ ಉದ್ದೇಶ ಇಷ್ಟೇ: ಅಡುಗೆಮನೆಯಿಂದ ಕೂಗಿದರೆ ಹೆಸರು ಸಲೀಸಾಗಿ ಬಾಯಿಗೆ ಬರಬೇಕು.

ವೀರೇಶ ಟೆಕ್ಸಾಸಿನಲ್ಲಿ ಮೆಕ್ಕೆಜೋಳದ ತಳಿಗಳ ಬಗ್ಗೆ ಓದಿ ಬಂದವನು. ದಾವಣಗೆರೆಯ ಒಂದು ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ವಿನೋಬನಗರದಲ್ಲಿ ಬಾಡಿಗೆ ಮನೆ ಹುಡುಕಿದೆವು. ಸ್ಯಾನ್ ಆಂಟೋನಿಯೋದಲ್ಲಿ ಅವನು ರೂಮು ಹುಡುಕಿದ್ದೂ ನನಗೆ ಗೊತ್ತು. ಫೋನಿನಲ್ಲಿ ಖಾಲಿ ಇದೆ ಎಂದವರು ಮುಖ ನೋಡಿದ ಮೇಲೆ ಈಗಷ್ಟೇ ಹೋಯಿತು ಎನ್ನುತ್ತಿದ್ದರು. ಕೊನೆಗೆ ಅವನಿಗೆ ರೂಮು ಕೊಟ್ಟವಳು ನನ್ನ ಸೋದರತ್ತೆ. ನಾವು ಪರಿಚಯವಾದದ್ದೂ ಅಲ್ಲಿಯೇ. ಅಲ್ಲಿ ಜನ ಕೇಳದೆಯೇ ತೀರ್ಮಾನ ಮಾಡುತ್ತಿದ್ದರು. ವಿನೋಬನಗರದಲ್ಲಿ ನೇರವಾಗಿ ಕೇಳುತ್ತಿದ್ದರು. ಯಾವ ಊರು, ಯಾವ ಜನ, ಮಾಂಸ ತಿನ್ನುತ್ತೀರಾ? ಮನೆಯ ಒಡತಿ ಸರೋಜಮ್ಮ ವೀರೇಶನ ತಂದೆಯ ಹೆಸರು ಕೇಳಿ, ನಮ್ಮವರೇ ಎಂದು ಸಮಾಧಾನಪಟ್ಟು, ಕೆಳಗಿನ ಎರಡು ಮನೆಗಳಲ್ಲಿ ಒಂದನ್ನು ಕೊಟ್ಟರು. ಅವರು ಮೇಲಿನ ಮನೆಯಲ್ಲಿದ್ದರು. ನನ್ನ ಬಗ್ಗೆ ಹೆಚ್ಚು ವಿಚಾರಿಸಲಿಲ್ಲ. ಗಂಡನ ಉತ್ತರವೇ ನನಗೂ ಸಾಕಾಯಿತು.

ನಾನು ಬೆಳ್ಳಗಿದ್ದಿದ್ದರೆ ಕನ್ನಡ ಕಲಿಯುವುದು ಸುಲಭವಾಗುತ್ತಿತ್ತೇನೋ. ಬಿಳಿಯ ಹೆಂಗಸೊಬ್ಬಳು ಸಂತೆಯಲ್ಲಿ ಎರಡು ಮಾತು ಕನ್ನಡ ಆಡಿದರೆ ಸುತ್ತ ಜನ ಸೇರಿ ಮೆಚ್ಚುತ್ತಾರೆ. ಇಲ್ಲಿಯವಳಂತೆಯೇ ಕಾಣುವ ನಾನು ತಡವರಿಸಿದರೆ ಕಿವಿ ಕೇಳುವುದಿಲ್ಲವೆಂದೋ ಬುದ್ಧಿ ಸಾಲದೆಂದೋ ತಿಳಿಯುತ್ತಿದ್ದರು. ಸೊಪ್ಪು ಮಾರುವಾಕೆ ಮೊದಮೊದಲು ನನ್ನೊಡನೆ ಜೋರು ದನಿಯಲ್ಲಿ ಮಾತಾಡುತ್ತಿದ್ದಳು. ನಾನು ಪರದೇಶದವಳೆಂದು ಗೊತ್ತಾದ ಮೇಲೆ ಸುಮ್ಮನೆ ಸೊಪ್ಪನ್ನು ಒಂದೊಂದಾಗಿ ಎತ್ತಿ ಹಿಡಿದು ಹೆಸರು ಹೇಳತೊಡಗಿದಳು. ನನ್ನ ಕನ್ನಡದ ಮೊದಲ ಪಾಠ ಪಾಲಕ, ಮೆಂತ್ಯ, ರಾಜಗಿರಿ.

ಊಟದ ವಿಷಯದಲ್ಲಿ ಮಾತ್ರ ನಾನು ಒಂದು ಸಲ ಗೆದ್ದೆ. ನಮ್ಮಲ್ಲಿ ದೇವರಂತೆ ಕಾಣುವ ಮೆಕ್ಕೆಜೋಳ ಇಲ್ಲಿ ಹೆಚ್ಚಾಗಿ ಕೋಳಿಗಳ ಹೊಟ್ಟೆಗೆ ಹೋಗುತ್ತಿತ್ತು. ಅದು ಮೆಕ್ಕಾದಿಂದ ಬಂತೆಂದು ಆ ಹೆಸರಂತೆ. ಪಾಪ, ಮೆಕ್ಸಿಕೋದಲ್ಲಿ ಹುಟ್ಟಿದ ಅದಕ್ಕೂ ಇಲ್ಲಿ ಬೇರೊಂದು ಊರು ಸಿಕ್ಕಿತ್ತು. ಒಂದು ದಿನ ವೀರೇಶ ತಂದ ಕಾಳನ್ನು ಎಲೆಯಡಿಕೆಗೆ ಹಾಕುವ ಸುಣ್ಣದ ನೀರಿನಲ್ಲಿ ಕುದಿಸುತ್ತಿದ್ದೆ. ನಮ್ಮ ಕಡೆ 'ಮಾಸಾ' ಎಂಬ ಹಿಟ್ಟು ಮಾಡುವುದೇ ಹಾಗೆ. ಸುಣ್ಣ ಹಾಕಿ ಬೇಯಿಸಿ, ಸಿಪ್ಪೆ ತೊಳೆದು ರುಬ್ಬಬೇಕು. ಅಂದು ಊರಿಂದ ಬಂದಿದ್ದ ಅತ್ತೆ ಪಾತ್ರೆಯೊಳಗೆ ಇಣುಕಿ ನೋಡಿದರು.

"ಸುಣ್ಣ ಹಾಕಿ ಕುದಿಸ್ತೀಯಲ್ಲೇ, ಉಣ್ಣಾಕೋ ಗೋಡೆಗೆ ಬಳಿಯಾಕೋ?"

ನಾನು ಬೆಂದ ಕಾಳಿನ ಸಿಪ್ಪೆ ತೊಳೆದು ರುಬ್ಬಿದೆ. ಹಿಟ್ಟನ್ನು ಅಂಗೈಯಲ್ಲಿ ತಟ್ಟತೊಡಗಿದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು. ಅವರ ಕೈ ಜೋಳದ ರೊಟ್ಟಿ ತಟ್ಟಿ ಪಳಗಿದ್ದು. ಎರಡನೆಯದನ್ನು ಅವರೇ ತಟ್ಟಿದರು. ಹುರುಳಿಕಾಳಿನ ಪಲ್ಯದ ಜೊತೆ ತಿಂದು, ರೊಟ್ಟಿ ಸಣ್ಣದಾಯಿತು ಎಂದಷ್ಟೇ ಹೇಳಿದರು. ಊರಿಗೆ ಹೋಗುವಾಗ ನಾಲ್ಕನ್ನು ಮಾವನಿಗೆಂದು ಬಟ್ಟೆಯಲ್ಲಿ ಸುತ್ತಿಕೊಂಡರು.

ಭಾನುವಾರಗಳಂದು ಬಸ್ಸು ಹಿಡಿದು ಹರಿಹರದ ಚರ್ಚಿಗೆ ಹೋಗುತ್ತಿದ್ದೆ. ಪೂಜೆಯ ಮಾತು ತಿಳಿಯುತ್ತಿರಲಿಲ್ಲ. ಆದರೆ ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂಬುದು ಮೈಗೆ ಗೊತ್ತಿತ್ತು. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಸುಶೀಲಾ ಒಂದು ದಿನ ಇಂಗ್ಲಿಷಿನಲ್ಲಿ, ಗೋವಾದವರಾ ಎಂದು ಕೇಳಿದಳು. ನನ್ನನ್ನು ಗುಜರಾತಿ, ಪಂಜಾಬಿ, ಲಂಬಾಣಿ ಎಂದವರೆಲ್ಲ ಆಗಿದ್ದರು. ಗೋವಾ ಹೊಸದು. ಇಬ್ಬರೂ ನಕ್ಕೆವು. ಅವಳು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಹರಿಹರದಲ್ಲಿ ತಾಯಿಯೊಡನೆ ಇದ್ದಳು. ಸಂಜೆಯ ಪಾಳಿ ಮುಗಿಸಿ ಹೊರಬಂದರೆ ಬಸ್ಸು ಸಿಗುವುದು ಕಷ್ಟ. ದಾವಣಗೆರೆಯಲ್ಲಿ ಒಂದು ಸಣ್ಣ ಮನೆ ಸಿಕ್ಕರೆ ಸಾಕೆಂದು ಹೇಳುತ್ತಿದ್ದಳು. ನಮ್ಮ ಪಕ್ಕದ ಮನೆ ಆಗಷ್ಟೇ ಖಾಲಿಯಾಗಿತ್ತು. ಬಂದು ನೋಡು ಎಂದು ನಾನೇ ಕರೆದೆ.

ಸುಶೀಲಾ ಬಂದಳು. ಸರೋಜಮ್ಮ ಕೆಳಗಿನ ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಕೆಲಸ, ಊರು, ತಂದೆಯ ಹೆಸರು, ಹರಿಹರದಲ್ಲಿ ಯಾವ ಕೇರಿ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಮೇಲೆ ಹೋಗಿ ನನ್ನನ್ನು ಕರೆದರು. ಮನೆ ಬೇರೆಯವರಿಗೆ ಮಾತಾಗಿದೆ ಎಂದು ನೀವೇ ಹೇಳಿಬಿಡಿ, ಗೆಳತಿಯ ಬಾಯಿಂದ ಕೇಳಿದರೆ ಆಕೆಗೂ ಬೇಜಾರಾಗುವುದಿಲ್ಲ ಎಂದರು. ನಾನೂ ಅದೇ ಚರ್ಚಿಗೆ ಹೋಗುವವಳು ಎಂದು ನನ್ನ ಹರಕು ಕನ್ನಡದಲ್ಲಿ ಹೇಳಿದೆ.

ಸರೋಜಮ್ಮ ನನ್ನ ಕೈ ಹಿಡಿದುಕೊಂಡು, "ನೀವು ಬ್ಯಾರೆ, ಅವರು ಬ್ಯಾರೆ ರೀ" ಎಂದರು. ಅವರ ದನಿಯಲ್ಲಿ ಪ್ರೀತಿಯಿತ್ತು.

ಆ ಮಾತನ್ನು ನಾನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಕೇಳಿದ್ದೆ. ನಮ್ಮ ಬೀದಿಯ ಕೊನೆಯಲ್ಲಿದ್ದ ಅಂಗಡಿಯ ಬಿಳಿಯ ಮಾಲೀಕ ಅಜ್ಜನಿಗೆ ಹೇಳುತ್ತಿದ್ದ, ನೀನು ಅವರಂಥವನಲ್ಲ ಎಂದು. ಅವರು ಎಂದರೆ ಹೊಸದಾಗಿ ಗಡಿ ದಾಟಿ ಬಂದ ಮೆಕ್ಸಿಕೋದವರು. ಅಜ್ಜನಿಗೆ ಆ ಮಾತು ಹಿತವಾಗಿತ್ತು. ನಮ್ಮ ಹಿತ್ತಲಲ್ಲಿ ಬಾಡಿಗೆಗೆ ಕೊಡುವ ಒಂದು ಕೋಣೆಯಿತ್ತು. ನಾನು ಚಿಕ್ಕವಳಿದ್ದಾಗ ಗಡಿಯಾಚೆಯಿಂದ ಬಂದ ಗಂಡಹೆಂಡತಿ ಅದನ್ನು ಕೇಳಿಕೊಂಡು ಬಂದರು. ಹೆಂಡತಿಯ ತೋಳಿನಲ್ಲಿ ಸುತ್ತಿದ ಕಂಬಳಿಯಿತ್ತು. ಅವರು ಸ್ಪ್ಯಾನಿಷಿನಲ್ಲಿ ಕೇಳಿದರು. ಮನೆಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡದ ಅಜ್ಜ ಅವರಿಗೆ ಇಂಗ್ಲಿಷಿನಲ್ಲಿ, ಖಾಲಿಯಿಲ್ಲ ಎಂದರು. ಅವರಿಗೆ ಅರ್ಥವಾಗಲಿಲ್ಲ. ಅಜ್ಜ ಇನ್ನೊಮ್ಮೆ ಇಂಗ್ಲಿಷಿನಲ್ಲೇ ಹೇಳಿ ಬಾಗಿಲು ಹಾಕಿದರು. ಆ ಕೋಣೆ ಮುಂದೆ ಬಹಳ ಕಾಲ ಖಾಲಿಯೇ ಇತ್ತು.

ನಾನು ಮೆಟ್ಟಿಲಿಳಿದು ಬಂದೆ. ಸರೋಜಮ್ಮ ಹಿಂದೆಯೇ ಇಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತರು. ನಾನು ಕನ್ನಡದಲ್ಲೇ ಹೇಳಿದೆ. "ಮನೆ ಖಾಲಿ ಐತೆ. ಇವರು ಕೊಡಲ್ಲ ಅಂತಾರೆ."

ಸುಶೀಲಾ ಖಾಲಿ ಲೋಟ ಕೆಳಗಿಟ್ಟು ಎದ್ದಳು. "ಕೇರಿ ಕೇಳಿದಾಗಲೇ ಗೊತ್ತಾತು ಬಿಡ್ರಿ" ಎಂದಳು. ಸರೋಜಮ್ಮನಿಗೆ ಬರುತ್ತೇನೆಂದು ಹೇಳಿಯೇ ಹೋದಳು.

ಸಂಜೆ ವೀರೇಶ ಎಲ್ಲವನ್ನೂ ಕೇಳಿ, ಸುಮ್ಮನಿರಬಹುದಿತ್ತಲ್ಲ ಎಂದ. ಇಲ್ಲಿಯ ಈ ವಿಷಯ ನಿನಗೆ ಅರ್ಥವಾಗುವಂಥದ್ದಲ್ಲ ಎಂದೂ ಹೇಳಿದ. ಈ ಊರಿನಲ್ಲಿ ನನಗೆ ಚೆನ್ನಾಗಿ ಅರ್ಥವಾದದ್ದು ಇದೊಂದೇ ಎಂದೆ. ಟೆಕ್ಸಾಸಿನಲ್ಲಿ ಅವನ ಮುಖ ನೋಡಿ ಮುಚ್ಚಿದ ಬಾಗಿಲುಗಳ ಮಾತನ್ನು ನಾನು ಎತ್ತಲಿಲ್ಲ. ಅವನಿಗೇ ನೆನಪಾಗಿರಬೇಕು. ಕೆಲವು ವಾರಗಳ ನಂತರ ಸರೋಜಮ್ಮ, ಮಗಳು ಬರುವವಳಿದ್ದಾಳೆ, ಮನೆ ಬಿಟ್ಟುಕೊಡಿ ಎಂದಾಗ, ಅವನು ಜಗಳವಾಡದೆ ಒಪ್ಪಿದ.

ನಮಗೆ ಹರಿಹರದಲ್ಲಿ ಮನೆ ಹುಡುಕಿಕೊಟ್ಟವಳು ಸುಶೀಲಾ. ಅವಳ ಬೀದಿಯ ಪಕ್ಕದ ಬೀದಿ. ಭಾನುವಳ್ಳಿ ಹತ್ತಿರವಾಯಿತೆಂದು ಅತ್ತೆಗೆ ಖುಷಿಯಾಯಿತು. ವೀರೇಶ ಬೆಳಿಗ್ಗೆ ದಾವಣಗೆರೆಯ ಬಸ್ಸು ಹಿಡಿಯುತ್ತಿದ್ದ. ಅದೇ ಬಸ್ಸಿನಲ್ಲಿ ಎಷ್ಟೋ ದಿನ ಸುಶೀಲಾಳೂ ಇರುತ್ತಿದ್ದಳು. ಸಾಮಾನು ಇಳಿಸಿದ ದಿನ ಅವಳು ಊಟ ತಂದಳು. ನಾನು ಅಂದಿನ ಮಾತೆತ್ತಿ, ನಿನ್ನನ್ನು ಕರೆದು ಅವಮಾನ ಮಾಡಿದಂತಾಯಿತು ಎಂದೆ. ಅವಳು ಅನ್ನ ಬಡಿಸುತ್ತಲೇ ಉತ್ತರಿಸಿದಳು.

"ನೀವು ಹೇಳಿದ್ದು ಸರಿನೇ ಐತೆ ರೀ. ಆದ್ರೆ ನೋಡ್ರಿ, ಮನೆ ಬಿಟ್ಟ ನಿಮಗೆ ಇನ್ನೊಂದು ಮನೆ ಸಿಕ್ತು. ದಾವಣಗೆರೆಯಾಗೆ ನಂಗೆ ಒಂದೂ ಸಿಗಲಿಲ್ಲ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ನನ್ನ ಮುಖ ನನ್ನನ್ನು ಇಲ್ಲಿಯವಳಂತೆ ಕಾಣಿಸುತ್ತಿತ್ತು. ಆದರೆ ಗಂಡನ ಮನೆತನ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ ನನ್ನ ಬೆನ್ನಿಗಿದ್ದವು. ಇಲ್ಲೇ ಹುಟ್ಟಿದ ಅವಳಿಗೆ ಹೆಸರು, ಭಾಷೆ, ಊರು ಎಲ್ಲವೂ ಇದ್ದವು. ಬಾಡಿಗೆ ಮನೆ ಮಾತ್ರ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ಅಜ್ಜನಿಗೆ ಫೋನು ಮಾಡಿದೆ. ಅಲ್ಲಿ ಶನಿವಾರದ ಸಂಜೆ. ಮನೆ ಬದಲಾಯಿಸಿದ್ದೇಕೆ ಎಂದು ಅವರು ಕೇಳಿದರು. ಸರೋಜಮ್ಮನ ವಿಷಯ, ಸುಶೀಲಾಳ ವಿಷಯ ಎಲ್ಲ ಹೇಳಿದೆ. ಕೊನೆಗೆ, ಏನು ಮಾಡುವುದು, ನಮ್ಮಲ್ಲಿ ಹೀಗೆಯೇ ಎಂದೆ. ಸ್ಪ್ಯಾನಿಷಿನಲ್ಲಿ ನಾವು ಎನ್ನಲು 'ನೊಸೊತ್ರೋಸ್' ಎನ್ನುತ್ತಾರೆ. ಅಜ್ಜ ತಡೆದು ಕೇಳಿದರು.

"ಯಾವ ನೊಸೊತ್ರೋಸ್, ಮಗಳೇ? ಅಲ್ಲಿಯದೋ, ಇಲ್ಲಿಯದೋ?"

ನಾನು ಯೋಚಿಸಿ ಆಡಿದ ಮಾತಾಗಿರಲಿಲ್ಲ ಅದು. ಎರಡೂ ಎಂದೆ. ಆಮೇಲೆ ಅಜ್ಜ ಮೆಲ್ಲಗೆ, ಆ ಹುಡುಗಿಗೆ ಮನೆ ಸಿಕ್ಕಿತೇ ಎಂದು ಕೇಳಿದರು.

ಇನ್ನೂ ಇಲ್ಲ ಎಂದೆ.